ಹಳೆಯ ಸೇತುವೆಯ ರಿಪೇರಿ: ಮೊದಲು ನೀರಿನ ಲೆಕ್ಕ, ಆಮೇಲೆ ಕಾಂಕ್ರೀಟ್

ಸೇತುವೆ ಹಾಳಾಗುವುದು ಲಾರಿಗಳ ಭಾರದಿಂದ ಎಂದು ಹೆಚ್ಚಿನವರು ತಿಳಿದಿದ್ದಾರೆ. ಭಾರಕ್ಕೆ ಪಾಲಿಲ್ಲ ಎನ್ನಲಾರೆ. ಆದರೆ ಆ ಭಾರ ತಾಳದಷ್ಟು ಸೇತುವೆಯನ್ನು ಸೊರಗಿಸುವುದು ಬಹುಮಟ್ಟಿಗೆ ನೀರೇ. ಕೆಳಗೆ ಹರಿಯುವ ನದಿ ಕಂಬದ ಬುಡದ ಮಣ್ಣನ್ನು ಕೊರೆದು ಒಯ್ಯುತ್ತದೆ. ಮೇಲೆ ಬಿದ್ದ ಮಳೆನೀರು ಎರಡು ಅಂಕಣಗಳ (ಕಂಬದಿಂದ ಕಂಬದವರೆಗಿನ ಭಾಗಗಳ) ನಡುವಿನ ಕಿತ್ತುಹೋದ ಜಾಯಿಂಟಿನಲ್ಲಿ ಇಳಿದು, ರಸ್ತೆ ಹೊರುವ ಉದ್ದ ತೊಲೆಯಾದ ಗರ್ಡರಿನ ತುದಿ, ಅದು ಕೂರುವ ಬೇರಿಂಗ್, ಕಂಬದ ತಲೆ ಎಲ್ಲವನ್ನೂ ವರ್ಷಗಟ್ಟಲೆ ನೆನೆಸುತ್ತದೆ. ಈ ಎರಡು ನೀರಿಗೆ ವ್ಯವಸ್ಥೆ ಮಾಡದೆ ಕಾಂಕ್ರೀಟಿಗೆ ತೇಪೆ ಹಾಕಿ ಮುಗಿಸಿದ ಸೇತುವೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ತೇಪೆಯ ಅಂಚಿನಲ್ಲೇ ತುಕ್ಕಿನ ಕಲೆ ಮತ್ತೆ ಮೂಡಿರುತ್ತದೆ. ಹಾಗಾಗಿ ಈ ಕೆಲಸಕ್ಕೆ ಹೊಸದಾಗಿ ಬರುವ ಇಂಜಿನಿಯರುಗಳಿಗೆ, ಸೈಟ್ ಸೂಪರ್‌ವೈಸರುಗಳಿಗೆ ನಾನು ಹೇಳುವ ಕ್ರಮ ಒಂದೇ: ನದಿಯ ತಳದಿಂದ ಶುರು ಮಾಡಿ, ನಂತರ ಮೇಲಿನ ನೀರು ನಿಲ್ಲಿಸಿ, ಕಾಂಕ್ರೀಟಿಗೆ ಕೈ ಹಾಕುವುದು ಅದಾದ ಮೇಲೆ.

ಮುಟ್ಟಿ ನೋಡದೆ ಎಸ್ಟಿಮೇಟ್ ಬೇಡ

ದಡದಲ್ಲಿ ನಿಂತು ದುರ್ಬೀನಿನಲ್ಲಿ ನೋಡಿ ಬರೆದ ವರದಿಯನ್ನು ನಾನು ಒಪ್ಪುವುದಿಲ್ಲ. ಗರ್ಡರಿನ ಅಡಿಭಾಗವನ್ನು ಕೈಯಿಂದ ಮುಟ್ಟುವಷ್ಟು ಹತ್ತಿರ ಹೋಗಬೇಕು. ಅದಕ್ಕೆ ಡೆಕ್ (ವಾಹನ ಓಡುವ ಹಾಸು) ಮೇಲೆ ನಿಂತು ಕೆಳಕ್ಕೆ ತೋಳು ಚಾಚುವ ಇನ್‌ಸ್ಪೆಕ್ಷನ್ ವಾಹನವಾದರೂ ಸರಿ, ದೋಣಿಯ ಮೇಲೆ ಅಟ್ಟ ಕಟ್ಟಿದರೂ ಸರಿ. ಅದಕ್ಕೂ ಮೊದಲು ಹಳೆಯ ನಕ್ಷೆ ಹುಡುಕಿ. ಬುನಾದಿ ಎಷ್ಟು ಆಳಕ್ಕಿದೆ, ಬಂಡೆಯ ಮೇಲೆ ಕೂತಿದೆಯೋ ಮರಳಿನ ಮೇಲೋ ಎಂಬುದು ಗೊತ್ತಿಲ್ಲದೆ ಮುಂದಿನ ಯಾವ ತೀರ್ಮಾನವೂ ಗಟ್ಟಿಯಲ್ಲ. ನಕ್ಷೆ ಸಿಗದಿದ್ದರೆ ಕಂಬದ ಪಕ್ಕದಲ್ಲಿ ಬೋರ್ ಹೊಡೆಸಿ ತಿಳಿಯಲೇಬೇಕು. ಆ ಖರ್ಚನ್ನು ಉಳಿಸಬಾರದು.

ಕಾಂಕ್ರೀಟ್ ನೋಡಲು ನಾನು ಮೊದಲು ಹಿಡಿಯುವುದು ಸಣ್ಣ ಸುತ್ತಿಗೆ. ಗಟ್ಟಿ ಕಾಂಕ್ರೀಟಿಗೆ ತಟ್ಟಿದರೆ ಟಣ್ ಎಂದು ಸುತ್ತಿಗೆ ಪುಟಿಯುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಡಬ್ ಡಬ್ ಎಂಬ ಪೊಳ್ಳು ಸದ್ದು, ಕೈಗೂ ಸತ್ತಂತೆ ತಾಗುತ್ತದೆ. ಹಾಗೆ ತಟ್ಟುತ್ತ ಹೋಗಿ ಪೊಳ್ಳಿರುವ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಕಣ್ಣಿಗೆ ಕಾಣುವ ಉದುರಿದ ಜಾಗಕ್ಕಿಂತ ಆ ಗೆರೆಯೊಳಗಿನ ಜಾಗ ಎಷ್ಟೋ ದೊಡ್ಡದಿರುತ್ತದೆ. ರಿಪೇರಿಯ ಅಳತೆ ಆ ಗೆರೆ. ಉದುರಿದ ಜಾಗದ ಅಳತೆ ಹಿಡಿದು ಟೆಂಡರ್ ಕರೆದರೆ ಕೆಲಸ ಅರ್ಧದಲ್ಲೇ ನಿಲ್ಲುತ್ತದೆ.

ಆಮೇಲೆ ಒಂದೆರಡು ಕಡೆ ಚೂರು ಒಡೆದು, ಹೊಸದಾಗಿ ಒಡೆದ ಮುಖಕ್ಕೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸಿ. ಕ್ಷಾರ ಉಳಿದಿರುವ ಕಾಂಕ್ರೀಟ್ ಗಾಢ ಗುಲಾಬಿಯಾಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಹೊಕ್ಕು ಕ್ಷಾರ ಕಳೆದುಕೊಂಡ ಭಾಗ ಬಣ್ಣ ತಾಳುವುದಿಲ್ಲ. ಬಣ್ಣವಿಲ್ಲದ ಪದರ ಒಳಗಿನ ಉಕ್ಕಿನ ಸರಳಿನವರೆಗೆ ಬಂದಿದ್ದರೆ ಆ ಸರಳಿಗೆ ಇನ್ನು ಕಾಂಕ್ರೀಟಿನ ಕಾವಲಿಲ್ಲ. ಸಮುದ್ರಕ್ಕೆ ಹತ್ತಿರದ ಅಳಿವೆಯಲ್ಲಿ, ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಕಡೆಗಳಲ್ಲಿ ಕಾಂಕ್ರೀಟಿಗೆ ಇಳಿದ ಉಪ್ಪಿನ ಅಂಶವಾದ ಕ್ಲೋರೈಡ್ ಎಷ್ಟಿದೆ ಎಂಬ ಪರೀಕ್ಷೆಯೂ ಬೇಕು. ತುಕ್ಕು ಎಲ್ಲಿ ಚುರುಕಾಗಿದೆ ಎಂದು ಹುಡುಕಲು ಸರಳಿನ ವಿದ್ಯುತ್ ವಿಭವ ಅಳೆಯುವ ಹಾಫ್ ಸೆಲ್ ಪರೀಕ್ಷೆ ಇದೆ: ತಾಮ್ರ-ತಾಮ್ರದ ಸಲ್ಫೇಟ್ ಸೆಲ್ಲಿನಲ್ಲಿ ಓದು ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗಿದ್ದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಂಭವ 90 ಶೇಕಡಕ್ಕಿಂತ ಹೆಚ್ಚು ಎಂದು ಹಿಡಿಯುವುದು ವಾಡಿಕೆ. ಒಂದು ಬಿಂದುವಿನ ಓದಿನಿಂದ ಏನೂ ಹೇಳಲಾಗದು. ಚೌಕುಳಿ ಹಾಕಿ ಇಡೀ ಮೇಲ್ಮೈಯ ನಕ್ಷೆ ಮಾಡಿ.

ನದಿಯ ತಳ

ಕಂಬ ನೀರಿಗೆ ಅಡ್ಡ ನಿಂತಾಗ ಹರಿವು ಕಂಬದ ಮುಖಕ್ಕೆ ಬಡಿದು ಕೆಳಕ್ಕೆ ಇಳಿಯುತ್ತದೆ, ಬುಡದಲ್ಲಿ ಸುಳಿಯಾಗಿ ಮರಳನ್ನು ಎತ್ತಿ ಒಯ್ಯುತ್ತದೆ. ಗುಂಡಿ ಅತಿ ಆಳವಾಗುವುದು ನೆರೆ ಏರಿದ ಹೊತ್ತಿನಲ್ಲಿ. ನೀರು ಇಳಿಯುತ್ತಿದ್ದಂತೆ ಅದೇ ಗುಂಡಿಗೆ ಸಡಿಲ ಹೂಳು ಬಂದು ತುಂಬುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದವರಿಗೆ ತಳ ಸಮತಟ್ಟಾಗಿ, ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಇದನ್ನು ನಂಬಬೇಡಿ. ಉದ್ದನೆಯ ಕಬ್ಬಿಣದ ಸಲಾಕೆಯಿಂದ ಕಂಬದ ಸುತ್ತ ಚುಚ್ಚಿ ನೋಡಿ. ಹೊಸ ಹೂಳಿನಲ್ಲಿ ಸಲಾಕೆ ಸುಮ್ಮನೆ ಇಳಿಯುತ್ತದೆ, ಹಳೆಯ ತಳ ಸಿಕ್ಕಾಗ ತಡೆಯುತ್ತದೆ. ಆ ತಡೆಯುವ ಮಟ್ಟವೇ ನೆರೆಯಲ್ಲಿ ಗುಂಡಿ ಮುಟ್ಟಿದ ಆಳ. ಅದನ್ನು ಬುನಾದಿಯ ತಳಮಟ್ಟದ ಪಕ್ಕದಲ್ಲಿ ಬರೆದು ನೋಡಿ; ಸೇತುವೆಯ ಮೇಲೆ ಇವತ್ತು ವಾಹನ ಬಿಡಬಹುದೋ ಇಲ್ಲವೋ ಎಂಬುದು ಆ ಎರಡು ಅಂಕಿಗಳಲ್ಲೇ ಗೊತ್ತಾಗುತ್ತದೆ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಕೋಹರಿ ಹೊಳೆಯ ಮೇಲಿನ ಹೆದ್ದಾರಿ ಸೇತುವೆ 1987ರ ಏಪ್ರಿಲ್ 5ರಂದು ನೆರೆಯಲ್ಲಿ ಬಿತ್ತು, 10 ಜನ ಸತ್ತರು. ಅದರ ಬುನಾದಿ ಆಳವಿರಲಿಲ್ಲ, ಸುತ್ತ ಹಾಸಿದ್ದ ಕಲ್ಲು ಕೊಚ್ಚಿಹೋಗಿತ್ತು, ಅದನ್ನು ಮತ್ತೆ ತುಂಬಿಸಿರಲಿಲ್ಲ. ಪೋರ್ಚುಗಲ್ಲಿನ ಡೌರೊ ನದಿಯ ಹಿಂಟ್ಸೆ ರಿಬೇರು ಸೇತುವೆ 2001ರ ಮಾರ್ಚ್ 4ರಂದು ಕಂಬ ಕುಸಿದು ಬಿತ್ತು. ಒಂದು ಬಸ್ಸು, ಕೆಲವು ಕಾರುಗಳೊಂದಿಗೆ 59 ಜೀವ ಹೋದವು. ಅಲ್ಲಿ ವರ್ಷಗಟ್ಟಲೆ ಮರಳು ತೆಗೆದದ್ದರಿಂದ ತಳ ಇಳಿದಿತ್ತು. ಸೇತುವೆಯ ಹತ್ತಿರ ಮರಳು ತೆಗೆಯುವುದು ನಿಲ್ಲದಿದ್ದರೆ ಇಂಜಿನಿಯರ್ ಮಾಡುವ ಯಾವ ರಿಪೇರಿಯೂ ಬಾಳುವುದಿಲ್ಲ. ರಿಪೇರಿ ಪ್ರಸ್ತಾವದಲ್ಲೇ ಇದನ್ನು ಲಿಖಿತವಾಗಿ ಸೇರಿಸಿ.

ಬುಡಕ್ಕೆ ಕಲ್ಲು ಹಾಸುವುದು ಸುಲಭದ ಕೆಲಸವೆಂದು ಕಾಣುತ್ತದೆ, ಹೆಚ್ಚು ಕೆಡುವುದೂ ಅದೇ. ಕೋನಗಳಿರುವ ಒಡೆದ ಕಲ್ಲು ಬೇಕು, ನದಿಯ ಉರುಟು ಕಲ್ಲು ಉರುಳಿಹೋಗುತ್ತದೆ. ಕಲ್ಲಿನ ಗಾತ್ರವನ್ನು ನೆರೆಯ ವೇಗದಿಂದ ಲೆಕ್ಕ ಹಾಕಬೇಕು. ಕಲ್ಲಿನ ಕೆಳಗೆ ಜಲ್ಲಿಯದೋ ಬಟ್ಟೆಯದೋ ಫಿಲ್ಟರ್ ಪದರ ಇರಲೇಬೇಕು. ಅದಿಲ್ಲದಿದ್ದರೆ ಕಲ್ಲುಗಳ ಸಂದಿಯಿಂದ ಮರಳು ನುಸುಳಿ ಹೋಗಿ ಕಲ್ಲುಗಳೆಲ್ಲ ಒಂದೊಂದಾಗಿ ತಳದೊಳಗೆ ಹೂತುಹೋಗುತ್ತವೆ. ಕಂಬದ ಅಗಲದ ಎರಡು ಪಟ್ಟು ದೂರದವರೆಗಾದರೂ ಸುತ್ತಲೂ ಹರಡಿ, ದಪ್ಪ ಸರಾಸರಿ ಕಲ್ಲಿನ ಮೂರು ಪಟ್ಟಿಗೆ ಕಡಿಮೆಯಾಗದಿರಲಿ. ಮೇಲ್ಮಟ್ಟ ನದಿಯ ತಳಕ್ಕೆ ಸಮನಾಗಿರಲಿ. ಕಂಬದ ಸುತ್ತ ಗುಡ್ಡೆ ಹಾಕಿದರೆ ಆ ಗುಡ್ಡೆಯೇ ಹರಿವಿಗೆ ಅಡ್ಡವಾಗಿ ಪಕ್ಕದಲ್ಲಿ ಹೊಸ ಗುಂಡಿ ತೋಡುತ್ತದೆ. ಕಂಬಕ್ಕೆ ದಪ್ಪ ಕಾಂಕ್ರೀಟ್ ಕವಚ ತೊಡಿಸುವಾಗಲೂ ಇದೇ ಎಚ್ಚರ ಬೇಕು: ಕಂಬ ಅಗಲವಾದಷ್ಟೂ ಕೊರೆತದ ಆಳ ಹೆಚ್ಚುತ್ತದೆ. ಕವಚದ ಅಗಲ ಸೇರಿಸಿ ಕೊರೆತದ ಲೆಕ್ಕವನ್ನು ಮತ್ತೆ ಮಾಡಿ.

ಬುನಾದಿಯ ಅಡಿಯಲ್ಲೇ ಪೊಟರೆ ಬಿದ್ದಿದ್ದರೆ ಮೊದಲು ಸಂಚಾರ ನಿಲ್ಲಿಸಿ, ಕಂಬ ವಾಲುತ್ತಿದೆಯೇ ಎಂದು ದಿನವೂ ಅಳೆಯುವ ಏರ್ಪಾಡು ಮಾಡಿ. ಪೊಟರೆಯನ್ನು ಒಮ್ಮೆಲೇ ಪೂರ್ತಿ ಅಗೆದು ಶುಚಿ ಮಾಡಲು ಹೋಗಬೇಡಿ. ತುಂಡು ತುಂಡಾಗಿ ತೆರೆದು, ಒಂದು ತುಂಡು ತುಂಬಿ ಗಟ್ಟಿಯಾದ ಮೇಲೆ ಪಕ್ಕದ್ದು. ನೀರೊಳಗೆ ಕಾಂಕ್ರೀಟ್ ಸುರಿಯುವುದಾದರೆ ಕಾಂಕ್ರೀಟನ್ನು ತಳಕ್ಕೆ ಇಳಿಸುವ ಟ್ರೆಮಿ ಪೈಪಿನ ಬಾಯಿ ಸದಾ ಹಸಿ ಕಾಂಕ್ರೀಟಿನೊಳಗೆ ಒಂದು ಮೀಟರಿನಷ್ಟು ಹುದುಗಿರಬೇಕು. ಪೈಪ್ ಒಮ್ಮೆ ಹೊರಬಂತೆಂದರೆ ಸಿಮೆಂಟ್ ತೊಳೆದುಹೋಗಿ ಜಲ್ಲಿ ಮಾತ್ರ ಉಳಿಯುತ್ತದೆ, ಮೇಲಿನಿಂದ ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಮುಳುಗುಗಾರರನ್ನು ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಇಳಿಸಿ ಕೈಯಾಡಿಸಿ ನೋಡಿಸಿ. ಕಂಬಗಳಿಗೆ ಸಿಕ್ಕಿಕೊಂಡ ಮರ, ಬಿದಿರು, ಕಸದ ರಾಶಿಯನ್ನು ಇದೇ ಸುತ್ತಿನಲ್ಲಿ ತೆಗೆಸಿ.

ಮೇಲಿನಿಂದ ಇಳಿಯುವ ನೀರು

ಡೆಕ್ ಮೇಲಿನ ನೀರು ಹೋಗುವ ಕೊಳವೆಗಳು ಮುಚ್ಚಿಹೋಗಿರುತ್ತವೆ, ಇಲ್ಲವೇ ಗರ್ಡರಿನ ಪಕ್ಕಕ್ಕೇ ಸುರಿಯುತ್ತಿರುತ್ತವೆ. ಕೊಳವೆಯನ್ನು ಗರ್ಡರಿನ ಅಡಿಮಟ್ಟಕ್ಕಿಂತ ಕೆಳಗಿನವರೆಗೆ ಉದ್ದ ಮಾಡಿಸಿ. ಸಣ್ಣ ಖರ್ಚು, ಇಷ್ಟು ಫಲ ಕೊಡುವ ಕೆಲಸ ಸೇತುವೆಯಲ್ಲಿ ಇನ್ನೊಂದಿಲ್ಲ.

ಜಾಯಿಂಟ್ ವಿಷಯದಲ್ಲಿ ಸೈಟಿನವರು ಮಾಡುವ ದೊಡ್ಡ ಅನ್ಯಾಯ ಎಂದರೆ ಅದರ ಮೇಲೆ ಡಾಂಬರು ಎಳೆದುಬಿಡುವುದು. 30 ಮೀಟರ್ ಉದ್ದದ ಕಾಂಕ್ರೀಟ್ ಗರ್ಡರ್ 30 ಡಿಗ್ರಿ ಸೆಲ್ಸಿಯಸ್ ತಾಪದ ವ್ಯತ್ಯಾಸಕ್ಕೆ ಸುಮಾರು 10 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಅದಕ್ಕೆ ಜಾಗ ಬಿಡದಿದ್ದರೆ ಗರ್ಡರ್ ಆ ಜಾಗವನ್ನು ತಾನೇ ಮಾಡಿಕೊಳ್ಳುತ್ತದೆ: ಡಾಂಬರು ಸೀಳುತ್ತದೆ, ಇಲ್ಲವೇ ತುದಿಯ ಕಾಂಕ್ರೀಟ್ ಒಡೆಯುತ್ತದೆ. ಹೊಸ ರಬ್ಬರ್ ಸೀಲಿನ ಜಾಯಿಂಟ್ ಕೂರಿಸುವಾಗ ಅಂದಿನ ಡೆಕ್ಕಿನ ತಾಪಮಾನ ಅಳೆದು, ತಯಾರಕರ ಕೋಷ್ಟಕ ನೋಡಿ ಸಂದಿಯ ಅಗಲ ಹೊಂದಿಸಿ. ಚಳಿಯ ಬೆಳಗ್ಗೆ ಕೂರಿಸುವ ಸಂದಿಗೂ ಬಿಸಿಲ ಮಧ್ಯಾಹ್ನ ಕೂರಿಸುವ ಸಂದಿಗೂ ಅಗಲ ಬೇರೆ. ಸೀಲ್ ಒಂದೇ ತುಂಡಾಗಿರಲಿ, ಕೈಪಿಡಿಗೋಡೆಯ ಬುಡದಲ್ಲಿ ಮೇಲಕ್ಕೆ ತಿರುಗಿರಲಿ. ಆಮೇಲೆ ಟ್ಯಾಂಕರಿನಿಂದ ಜಾಯಿಂಟಿನ ಮೇಲೆ ನೀರು ಸುರಿದು ನಿಲ್ಲುವಂತೆ ಮಾಡಿ, ಕೆಳಗೆ ಕಂಬದ ತಲೆಯ ಬಳಿ ಒಬ್ಬರನ್ನು ನಿಲ್ಲಿಸಿ ಹನಿ ಬೀಳುತ್ತದೆಯೇ ನೋಡಿಸಿ.

ಡಾಂಬರಿನ ಮೇಲೆ ಡಾಂಬರು ಹಾಕುತ್ತ ಹೋಗುವುದನ್ನೂ ನಿಲ್ಲಿಸಬೇಕು. 30 ಮೀಟರ್ ಉದ್ದ, 7.5 ಮೀಟರ್ ಅಗಲದ ಒಂದು ಅಂಕಣಕ್ಕೆ 50 ಮಿ.ಮೀ. ಪದರ ಹೆಚ್ಚಾದರೆ ಸುಮಾರು 27 ಟನ್ ಭಾರ ಶಾಶ್ವತವಾಗಿ ಕೂತಂತೆ. ಹಳೆಯ ಪದರ ಕೆತ್ತಿ ತೆಗೆದು, ಡೆಕ್ ಸ್ಲ್ಯಾಬ್ ತಟ್ಟಿ ನೋಡಿ ರಿಪೇರಿ ಮಾಡಿ, ನೀರು ತಡೆಯುವ ಪೊರೆ ಹಾಸಿ, ಆಮೇಲೆ ಹೊಸ ಪದರ.

ರಿಪೇರಿಯ ಸಾಮಾನನ್ನು ಡೆಕ್ ಮೇಲೆ ರಾಶಿ ಹಾಕುವವರು 2007ರ ಆಗಸ್ಟ್ 1ರಂದು ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪ್ಪಿ ನದಿಯ ಮೇಲಿನ ಐ-35ಡಬ್ಲ್ಯು ಸೇತುವೆಗೆ ಏನಾಯಿತು ಎಂದು ತಿಳಿದಿರಬೇಕು. ಅದರ ಉಕ್ಕಿನ ತೊಲೆಗಳನ್ನು ಜೋಡಿಸುವ ಗಸೆಟ್ ಪ್ಲೇಟುಗಳು ವಿನ್ಯಾಸದಲ್ಲೇ ಇರಬೇಕಾದ ದಪ್ಪದ ಸುಮಾರು ಅರ್ಧದಷ್ಟೇ ಇದ್ದವು. 40 ವರ್ಷ ಹೇಗೋ ನಿಂತಿತ್ತು. ಆ ದಿನ ಡೆಕ್ ದುರಸ್ತಿ ನಡೆಯುತ್ತಿತ್ತು. ಮರಳು, ಜಲ್ಲಿ, ಯಂತ್ರಗಳು ಒಂದೇ ಕಡೆ ಸೇರಿದ್ದವು, ಇನ್ನುಳಿದ ಪಥಗಳಲ್ಲಿ ವಾಹನ ಓಡುತ್ತಿದ್ದವು. ಸೇತುವೆ ಕುಸಿದು ಬಿತ್ತು, 13 ಜನ ಸತ್ತರು. ಸಾಮಾನು ದಡದಲ್ಲಿರಲಿ, ಆ ಹೊತ್ತಿಗೆ ಬೇಕಾದಷ್ಟು ಮಾತ್ರ ಮೇಲೆ ಬರಲಿ.

ಗರ್ಡರ್ ಎತ್ತುವುದು

ಬೇರಿಂಗ್ ಬದಲಿಸಲು ಗರ್ಡರನ್ನು ಎತ್ತಲೇಬೇಕು. ಇಡೀ ರಿಪೇರಿಯಲ್ಲಿ ನಾನು ಅತಿ ಗಮನ ಕೊಡುವುದು ಈ ಹಂತಕ್ಕೆ. ಸಂಚಾರ ಪೂರ್ತಿ ಬಂದ್. ಜಾಯಿಂಟ್, ಪೈಪ್, ಕೇಬಲ್, ಅಂಕಣದಿಂದ ಅಂಕಣಕ್ಕೆ ಹಾದಿರುವ ಎಲ್ಲವನ್ನೂ ಬಿಡಿಸಿರಬೇಕು. ಜಾಕಿ ಇಡುವ ಜಾಗದಲ್ಲಿ ಅಡ್ಡತೊಲೆಗೆ ಆ ಭಾರ ಹೊರುವ ಶಕ್ತಿ ಇದೆಯೇ ಎಂದು ಲೆಕ್ಕ ಮಾಡಿರಬೇಕು. ಹಳೆಯ ಸೇತುವೆಗಳಲ್ಲಿ ಎಷ್ಟೋ ಸಲ ಇರುವುದಿಲ್ಲ, ಉಕ್ಕಿನ ಆಸರೆ ಕಟ್ಟಬೇಕಾಗುತ್ತದೆ. ಒಂದು ಕಂಬದ ಮೇಲಿನ ಎಲ್ಲ ಗರ್ಡರುಗಳ ಕೆಳಗೂ ಜಾಕಿ ಇಟ್ಟು, ಎಲ್ಲವೂ ಒಂದೇ ಪಂಪಿನ ನಿಯಂತ್ರಣದಲ್ಲಿ ಒಟ್ಟಿಗೆ ಏಳಬೇಕು. ಒಂದು ಮೊದಲು, ಒಂದು ಆಮೇಲೆ ಎತ್ತಿದರೆ ಡೆಕ್ ಸ್ಲ್ಯಾಬ್ ತಿರುಚಿ ಸೀಳುತ್ತದೆ.

ಪ್ರತಿ ಗರ್ಡರಿಗೂ ಒಂದು ಡಯಲ್ ಗೇಜ್, ಪ್ರತಿ ಗೇಜಿಗೂ ಒಬ್ಬ ಮನುಷ್ಯ. ಪಂಪಿನವನು ಮಿಲಿಮೀಟರಿಗೊಮ್ಮೆ ನಿಲ್ಲಿಸುತ್ತಾನೆ. ಒಬ್ಬೊಬ್ಬರೂ ಕೂಗಿ ಓದು ಹೇಳುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ. ಅಂಕಿ ಹೊಂದಿದ ಮೇಲೆಯೇ ಮುಂದಿನ ಮಿಲಿಮೀಟರ್. ವರ್ಷಾನುಗಟ್ಟಲೆ ಕೂತ ಗರ್ಡರ್ ಹಳೆಯ ಬೇರಿಂಗ್ ಬಿಡುವಾಗ ಒತ್ತಡದ ಮಾಪಕದ ಮುಳ್ಳು ಏರುತ್ತಲೇ ಹೋಗಿ, ಥಟ್ಟನೆ ನಿಂತು, ತುಸು ಇಳಿಯುತ್ತದೆ. ಆ ಹೊತ್ತಿನಲ್ಲಿ ಯಾರೂ ಅವಸರ ಮಾಡಬಾರದು. ಲೆಕ್ಕದ ಭಾರಕ್ಕಿಂತ ಮಾಪಕ ಹೆಚ್ಚು ತೋರಿಸಿಯೂ ಗರ್ಡರ್ ಏಳದಿದ್ದರೆ ಎಲ್ಲೋ ಏನೋ ಹಿಡಿದುಕೊಂಡಿದೆ ಎಂದರ್ಥ. ಪಂಪ್ ನಿಲ್ಲಿಸಿ ಹುಡುಕಿ, ಒತ್ತಡ ಹೆಚ್ಚಿಸಬೇಡಿ. ಎತ್ತಿದಷ್ಟಕ್ಕೂ ಉಕ್ಕಿನ ಹಲಗೆ ತೂರಿಸುತ್ತ ಬನ್ನಿ, ಜಾಕಿಯ ಲಾಕ್ ನಟ್ ಬಿಗಿಸುತ್ತ ಬನ್ನಿ. ಎಣ್ಣೆಯ ಒತ್ತಡವೊಂದನ್ನೇ ನಂಬಿ ಗರ್ಡರಿನ ಕೆಳಗೆ ಯಾರೂ ಕೈ ಹಾಕಕೂಡದು. ಸಾಮಾನ್ಯವಾಗಿ 5ರಿಂದ 10 ಮಿ.ಮೀ. ಎತ್ತಿದರೆ ಹಳೆಯದನ್ನು ಎಳೆಯಲು ಸಾಕು. ಬೇರಿಂಗ್ ಕೂರುವ ಪೀಠ ಒಡೆದಿದ್ದರೆ ಇದೇ ಸಮಯದಲ್ಲಿ ಸರಿಪಡಿಸಿ, ಮಟ್ಟ ನೋಡಿ, ಎಲ್ಲವನ್ನೂ ಒಟ್ಟಿಗೆ ಇಳಿಸಿ.

ಕಾಂಕ್ರೀಟಿನ ತೇಪೆ

ಉಕ್ಕು ತುಕ್ಕಾದಾಗ ಅದರ ಗಾತ್ರ 2ರಿಂದ 6 ಪಟ್ಟು ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಒದ್ದು ಹೊರಗೆ ಹಾಕುವುದು ಆ ಉಬ್ಬು. ಹಾಗಾಗಿ ಸರಳಿನ ಮುಂಭಾಗ ಮಾತ್ರ ಉಜ್ಜಿ ಗಾರೆ ಮೆತ್ತಿದರೆ ಹಿಂಭಾಗದ ತುಕ್ಕು ತನ್ನ ಕೆಲಸ ಮುಂದುವರಿಸುತ್ತದೆ. ಸೀಮೆಸುಣ್ಣದ ಗೆರೆಯ ಹೊರಗೆ ನೇರ ಅಂಚು ಬರುವಂತೆ ಕಟರಿನಿಂದ 10 ಮಿ.ಮೀ. ಆಳ ಕೊಯ್ಯಿರಿ, ಸರಳಿಗೆ ತಾಗದಂತೆ. ಸರಳಿನ ಹಿಂದೆ 20-25 ಮಿ.ಮೀ. ಬೆರಳು ಆಡುವಷ್ಟು ಕಾಂಕ್ರೀಟ್ ತೆಗೆಯಿರಿ. ತುಕ್ಕಿಲ್ಲದ ಸರಳು ಕಾಣುವವರೆಗೆ ಉದ್ದಕ್ಕೂ ಒಡೆಯುತ್ತ ಹೋಗಿ. ಎಷ್ಟು ತೆಗೆದರೆ ಅಂಕಣ ಸುರಕ್ಷಿತ ಎಂದು ವಿನ್ಯಾಸಕಾರರನ್ನು ಕೇಳಿ, ಆಸರೆ ಕೊಟ್ಟು ತೆಗೆಯಿರಿ.

ಸರಳನ್ನು ಮರಳು ಸಿಡಿಸಿ ಬೆಳ್ಳಗೆ ಮಾಡಿ, ಉಳಿದ ವ್ಯಾಸ ಕ್ಯಾಲಿಪರಿನಲ್ಲಿ ಅಳೆಯಿರಿ. ತುಂಬ ತೆಳುವಾಗಿದ್ದರೆ ಪಕ್ಕದಲ್ಲಿ ಹೊಸ ಸರಳು, ಹಳೆಯದರ ಜೊತೆ ಸಾಕಷ್ಟು ಉದ್ದಕ್ಕೆ ಪಕ್ಕಪಕ್ಕ ಹಾದುಹೋಗುವಂತೆ. ಹಳೆಯ ಕಾಂಕ್ರೀಟಿನ ಮುಖವನ್ನು ಚೆನ್ನಾಗಿ ನೆನೆಸಿ, ಗಾರೆ ಹಾಕುವ ಹೊತ್ತಿಗೆ ಒಳಗೆ ತೇವವಿದ್ದು ಮೇಲೆ ನೀರು ಹೊಳೆಯದಂತಿರಬೇಕು. ಒಣಗಿದ್ದರೆ ಅದು ಗಾರೆಯ ನೀರು ಹೀರುತ್ತದೆ, ನೀರು ನಿಂತಿದ್ದರೆ ಗಾರೆ ಕಚ್ಚುವುದಿಲ್ಲ. ಪಾಲಿಮರ್ ಗಾರೆಯನ್ನು ಪದರ ಪದರವಾಗಿ ಸರಳಿನ ಹಿಂದಕ್ಕೂ ಒತ್ತಿ ತುಂಬಿ, ಕ್ಯೂರಿಂಗ್ ತಪ್ಪಿಸಬೇಡಿ.

ಈಗ ಆರಂಭದಲ್ಲಿ ಹೇಳಿದ ಅಂಚಿನ ತುಕ್ಕು. ತುಕ್ಕು ಹಿಡಿಯುತ್ತಿದ್ದ ಭಾಗ ತಾನು ಸವೆಯುತ್ತ ಪಕ್ಕದ ಸರಳನ್ನು ಕಾಯುತ್ತಿರುತ್ತದೆ. ಅದನ್ನು ತೆಗೆದು ಹೊಸ ಗಾರೆ ತುಂಬಿದ ಕೂಡಲೇ ಆ ಕಾವಲು ಹೋಗುತ್ತದೆ. ಪಕ್ಕದ ಹಳೆಯ ಕಾಂಕ್ರೀಟಿನಲ್ಲಿ ಕ್ಲೋರೈಡ್ ಉಳಿದಿದ್ದರೆ ಅಲ್ಲಿ ಹೊಸದಾಗಿ ತುಕ್ಕು ಶುರುವಾಗುತ್ತದೆ. ಇದಕ್ಕೆ ಪರಿಹಾರ ತೇಪೆಯ ಅಂಚಿನುದ್ದಕ್ಕೂ ಸರಳಿಗೆ ಸತುವಿನ ಆನೋಡುಗಳನ್ನು ಕಟ್ಟುವುದು. ಕಬ್ಬಿಣದ ಬದಲು ಸತು ಸವೆಯುತ್ತದೆ. ಕಟ್ಟಿದ ಮೇಲೆ ಸರಳಿಗೂ ಆನೋಡಿಗೂ ವಿದ್ಯುತ್ ಸಂಪರ್ಕ ಇದೆಯೇ ಎಂದು ಮೀಟರಿನಲ್ಲಿ ನೋಡದೆ ಮುಚ್ಚಬೇಡಿ.

ಬಿರುಕುಗಳಿಗೆ ಎಪಾಕ್ಸಿ ತುಂಬುವ ಮೊದಲು ಬಿರುಕು ಜೀವಂತವಾಗಿದೆಯೇ ನೋಡಿ. ಅಡ್ಡಕ್ಕೆ ಗಾಜಿನ ಪಟ್ಟಿಯನ್ನೋ ಗೇಜನ್ನೋ ಅಂಟಿಸಿ ಕೆಲವು ವಾರ ಗಮನಿಸಿ. ಬಿರುಕು ಇನ್ನೂ ಆಡುತ್ತಿದ್ದರೆ ಎಪಾಕ್ಸಿ ಹಾಕಿದ ಪಕ್ಕದಲ್ಲೇ ಹೊಸದು ಬಿಡುತ್ತದೆ. ನಿಂತ ಬಿರುಕಿಗೆ ಎಪಾಕ್ಸಿ ತುಂಬಲು ಬಿರುಕಿನುದ್ದಕ್ಕೂ ಇಟ್ಟ ರಂಧ್ರಗಳಲ್ಲಿ ಕೆಳಗಿನದರಿಂದ ಶುರು ಮಾಡಿ, ಮೇಲಿನದರಲ್ಲಿ ಉಕ್ಕಿ ಬಂದ ಮೇಲೆ ಕೆಳಗಿನದನ್ನು ಮುಚ್ಚಿ ಮೇಲೆ ಹೋಗಿ.

ಪ್ರಿಸ್ಟ್ರೆಸ್ಡ್ (ಒಳಗೆ ಬಿಗಿದೆಳೆದ ಉಕ್ಕಿನ ಕೇಬಲ್ ಇರುವ) ಗರ್ಡರ್ ಆದರೆ ಕೇಬಲ್ ಎಲ್ಲಿದೆ ಎಂದು ರೇಡಾರಿನಲ್ಲಿ ಗುರುತಿಸದೆ ಒಂದು ರಂಧ್ರವನ್ನೂ ಕೊರೆಯಬೇಡಿ. ಅದರ ಕೇಬಲ್ ಒಳಗೇ ತುಕ್ಕು ಹಿಡಿದರೂ ಹೊರಗೆ ಕಲೆ ಕಾಣದೆ ಇರಬಹುದು. ವೇಲ್ಸ್‌ನ ಅನಿಸ್-ಇ-ಗ್ವಾಸ್ ಸೇತುವೆ 1985ರ ಡಿಸೆಂಬರಿನಲ್ಲಿ ಹಾಗೇ, ಮುನ್ಸೂಚನೆಯಿಲ್ಲದೆ ಕುಸಿಯಿತು. ಅಂಥ ಸೇತುವೆಗೆ ಸುತ್ತಿಗೆಯ ಪರೀಕ್ಷೆ ಸಾಲದು; ಕೇಬಲ್ ಹಾದಿರುವ ನಾಳದೊಳಗೆ ಗ್ರೌಟ್ (ಸಿಮೆಂಟಿನ ತಿಳಿ ಗಾರೆ) ತುಂಬಿದೆಯೇ ಎಂದು ತೆರೆದು ನೋಡಬೇಕು.

ಕಲ್ಲಿನ ಕಮಾನು, ಉಕ್ಕಿನ ಸೇತುವೆ

ಕಲ್ಲಿನ ಕಮಾನಿನ ಸಂದುಗಳಿಗೆ ಬಿರುಸು ಸಿಮೆಂಟ್ ಗಾರೆ ಹಾಕಬೇಡಿ. ಸುಣ್ಣದ ಗಾರೆ ತುಸು ಬಳುಕುತ್ತದೆ, ತೇವವನ್ನು ಹೊರಬಿಡುತ್ತದೆ. ಸಿಮೆಂಟ್ ಬಿಗಿಹಿಡಿದು ಕಲ್ಲಿನ ಅಂಚನ್ನೇ ಒಡೆಯುತ್ತದೆ. ಆಲ, ಅರಳಿಯಂಥ ಗಿಡಗಳ ಬೇರನ್ನು ಎಳೆದು ಕೀಳಬೇಡಿ, ಕಲ್ಲೂ ಬರುತ್ತದೆ. ಕತ್ತರಿಸಿ, ಬೇರು ಸಾಯಿಸಿ, ಸಂದು ತುಂಬಿ.

ಉಕ್ಕಿಗೆ ಬಣ್ಣಕ್ಕಿಂತ ಮೇಲ್ಮೈ ಶುದ್ಧಿ ಮುಖ್ಯ. ಮರಳು ಸಿಡಿಸಿದ ದಿನವೇ ಮೊದಲ ಲೇಪ ಬೀಳಬೇಕು. ಉಕ್ಕಿನ ತಾಪ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ತಾಪಕ್ಕಿಂತ) 3 ಡಿಗ್ರಿಯಾದರೂ ಮೇಲಿರಲಿ, ಗಾಳಿಯ ತೇವ 85 ಶೇಕಡ ಮೀರಿದ್ದರೆ ಕುಂಚ ಕೆಳಗಿಡಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು: ಪರದೆ ಕಟ್ಟಿ ಪುಡಿಯನ್ನು ಹಿಡಿಯಿರಿ, ನದಿಗೆ ಬೀಳಿಸಬೇಡಿ, ಕೆಲಸಗಾರರಿಗೆ ಸರಿಯಾದ ಮಾಸ್ಕ್ ಕೊಡಿ. ಸಡಿಲ ರಿವೆಟ್‌ಗಳನ್ನು ಹೈ-ಟೆನ್ಸೈಲ್ ಬೋಲ್ಟಿಗೆ ಬದಲಿಸುವಾಗ ಒಂದೊಂದಾಗಿ ಮಾತ್ರ.

ವಾಹನ ಬಿಡುವ ಮೊದಲು

ಅಂಕಣದ ಮೇಲೆ ತೂಕ ಮಾಡಿದ ಲಾರಿಗಳನ್ನು ಹಂತ ಹಂತವಾಗಿ ನಿಲ್ಲಿಸಿ ಬಾಗುವಿಕೆ ಅಳೆಯಿರಿ. ಪೂರ್ಣ ಭಾರವನ್ನು 24 ಗಂಟೆ ಇಟ್ಟು ತೆಗೆದ ಮೇಲೆ ಸಾಮಾನ್ಯ ಆರ್‌ಸಿಸಿ (ಸರಳು ಹಾಕಿದ ಕಾಂಕ್ರೀಟ್) ಅಂಕಣ ಬಾಗಿದ್ದರ 75 ಶೇಕಡದಷ್ಟಾದರೂ ವಾಪಸ್ ಏರಬೇಕು. ಏರದಿದ್ದರೆ ಭಾರದ ಮಿತಿಯ ಫಲಕ ಹಾಕಿ. ಫಲಕ ಓದದವರಿಗಾಗಿ ಎತ್ತರ ತಡೆಯುವ ಉಕ್ಕಿನ ಚೌಕಟ್ಟನ್ನೂ ನಿಲ್ಲಿಸಿ.

ರಿಪೇರಿಯ ಕಡತದಲ್ಲಿ ತೇಪೆಗಳ ನಕ್ಷೆ, ಆನೋಡುಗಳ ಜಾಗ, ಜಾಯಿಂಟ್ ಕೂರಿಸಿದ ದಿನದ ತಾಪಮಾನ, ಪ್ರತಿ ಕಂಬದ ಸುತ್ತಲಿನ ತಳದ ಆಳ ಇರಲಿ. ಆಳ ಅಳೆದ ಬಿಂದುಗಳನ್ನು ಕೈಪಿಡಿಗೋಡೆಯ ಮೇಲೆ ಬಣ್ಣದಲ್ಲಿ ಗುರುತು ಮಾಡಿ. ಮುಂದಿನ ನೆರೆ ಇಳಿದ ಮೇಲೆ ಯಾರು ಬಂದರೂ ಅದೇ ಗುರುತಿನಿಂದ ಹಗ್ಗಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು, ಸಲಾಕೆ ಚುಚ್ಚಿ, ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಬರೆಯಬೇಕು.